ಪೇಟೆಯ ಮಾಳಿಗೆಯಲ್ಲಿ ದೀಪ ಹಚ್ಚುವವರು ಯಾರು?

ಮಂಗಳೂರಿನ ಹಂಪನಕಟ್ಟೆಯಿಂದ ಬಂದರಿನವರೆಗಿನ ಹಳೇ ಪೇಟೆಯ ಬಗ್ಗೆ ನಿಮ್ಮ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರ ಬಂದದ್ದು ರಾಶಿ. ಅರ್ಧದಷ್ಟು ಬರೇ ಬೈಗುಳ, ಅದನ್ನು ಬದಿಗಿಟ್ಟಿದ್ದೇನೆ. ಉಳಿದವರಲ್ಲಿ ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರೂ ಇಲ್ಲ.

ಪ್ರಶ್ನೆ: ಬಂದರು ಪೇಟೆಯಲ್ಲಿ ನಮ್ಮದು ಜೀನಸಿನ ಅಂಗಡಿ, ಅಜ್ಜನ ಕಾಲದ್ದು. ಕೆಳಗೆ ಅಂಗಡಿ, ಮೇಲೆ ಮಾಳಿಗೆ. ನಾನು ಹುಟ್ಟಿ ಬೆಳೆದದ್ದು ಆ ಮಾಳಿಗೆಯಲ್ಲೇ. ಈಗ ಅಲ್ಲಿ ಖಾಲಿ ಗೋಣಿ, ಮುರಿದ ತಕ್ಕಡಿ, ಹೆಗ್ಗಣ. ನಾವಿರುವುದು ಕೊಟ್ಟಾರದ ಫ್ಲ್ಯಾಟಿನಲ್ಲಿ. ಸ್ಮಾರ್ಟ್ ಸಿಟಿ ಅಂತ ಕಾಂಕ್ರೀಟು ಬಂತು, ಫುಟ್‌ಪಾತ್ ಬಂತು, ದೀಪದ ಕಂಬ ಬಂತು. ಗಿರಾಕಿ ಮಾತ್ರ ಬರಲಿಲ್ಲ. ಏಳೂವರೆಗೆ ಶಟರ್ ಎಳೆಯುತ್ತೇನೆ. ಮಗ ಬೆಂಗಳೂರಿನಲ್ಲಿ, ಅಂಗಡಿಯಲ್ಲಿ ಕೂರುವವನಲ್ಲ. ಅಕ್ಕಪಕ್ಕದ ನಾಲ್ಕು ಅಂಗಡಿ ಸೇರಿಸಿ ಕೊಟ್ಟರೆ ಟವರ್ ಕಟ್ಟುತ್ತೇನೆ ಅಂತ ಬಿಲ್ಡರ್ ಒಬ್ಬರು ಬೆನ್ನು ಹತ್ತಿದ್ದಾರೆ. ಕೊಟ್ಟುಬಿಡಲಾ?

ಉತ್ತರ: ಕೊಡಬೇಡಿ ಅಂತ ನಾನು ಹೇಳಿದರೆ ನಿಮ್ಮ ಮನೆ ಖರ್ಚಿಗೆ ನಾನು ಕೊಡುವುದಿಲ್ಲವಲ್ಲ. ಆದರೆ ಸಹಿ ಹಾಕುವ ಮೊದಲು ಒಂದು ಕೆಲಸ ಮಾಡಿ. ರಾತ್ರಿ ಒಂಬತ್ತರ ಮೇಲೆ ಒಂದು ಸುತ್ತು ನಿಮ್ಮ ಬೀದಿಯಲ್ಲೇ ನಡೆಯಿರಿ, ಆಮೇಲೆ ಕದ್ರಿ, ಬೆಂದೂರು, ಬಿಜೈ ಕಡೆ ಹೋಗಿ ಎತ್ತರದ ಕಟ್ಟಡಗಳ ಕಿಟಕಿ ಎಣಿಸಿ. ಎಷ್ಟರಲ್ಲಿ ಬೆಳಕಿದೆ? ನಮ್ಮೂರಿನಲ್ಲಿ ಫ್ಲ್ಯಾಟು ಅಂದರೆ ಎಷ್ಟೋ ಜನರಿಗೆ ವಾಸದ ಮನೆ ಅಲ್ಲ, ಬ್ಯಾಂಕಿನ ಲಾಕರ್. ದುಬೈಯಲ್ಲೋ ಮಸ್ಕತ್ತಿನಲ್ಲೋ ಇರುವವರು ತೆಗೆದುಕೊಂಡು ಬೀಗ ಹಾಕಿಡುತ್ತಾರೆ, ವರ್ಷಕ್ಕೆ ಹದಿನೈದು ದಿನ ಬಂದು ಕಸ ಗುಡಿಸಿ ಹೋಗುತ್ತಾರೆ. ಅವರದ್ದು ತಪ್ಪು ಅಂತಲ್ಲ, ಬೆವರಿನ ದುಡ್ಡು. ಆದರೆ ಬೀಗ ಹಾಕಿದ ಮನೆಯವರು ನಿಮ್ಮಲ್ಲಿಗೆ ಅರ್ಧ ಕಿಲೋ ಸಕ್ಕರೆಗೆ ಬರುವುದಿಲ್ಲ. ನಿಮ್ಮ ಜಾಗದಲ್ಲಿ ಇಪ್ಪತ್ತು ಮಾಳಿಗೆ ಎದ್ದರೂ ಕಿಟಕಿ ಕತ್ತಲಾಗಿದ್ದರೆ ಬೀದಿ ಸಂಜೆ ಏಳೂವರೆಗೇ ಮಲಗುತ್ತದೆ.

ನಿಮ್ಮ ಪೇಟೆ ಯಾಕೆ ಸೊರಗಿತು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಡಗು ಪಣಂಬೂರಿನ ಹೊಸ ಬಂದರಿಗೆ ಹೋಯಿತು, ಅದು 1974ರಲ್ಲಿ ದೇಶದ ದೊಡ್ಡ ಬಂದರುಗಳ ಪಟ್ಟಿಗೆ ಸೇರಿತು. ಹಳೇ ಬಂದರಿಗೆ ಉಳಿದದ್ದು ಮೀನಿನ ದೋಣಿ ಮತ್ತು ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು ಹೊತ್ತು ಹೋಗುವ ಮಂಜಿ ಅನ್ನುವ ಸರಕು ದೋಣಿ, ಅದೂ ಮಳೆಗಾಲದಲ್ಲಿ ಬಂದ್. ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ 1865ರಲ್ಲಿ ಶುರು ಮಾಡಿದ ಹಂಚಿನ ಉದ್ಯಮ ಒಂದು ಕಾಲಕ್ಕೆ ನದಿ ದಡದುದ್ದಕ್ಕೂ ಚಿಮಣಿ ಎಬ್ಬಿಸಿತ್ತು, ಆರ್‌ಸಿಸಿ ತಾರಸಿ ಬಂದ ಮೇಲೆ ಒಂದೊಂದೇ ಆರಿತು. ದೂರದೂರಿನ ಸರಕಾರಿ ಬಸ್ಸು ಬಿಜೈಗೆ ಹೋಯಿತು. 2020ರಲ್ಲಿ ಕೊರೋನಾ ಹೊತ್ತಿಗೆ ಸೆಂಟ್ರಲ್ ಮಾರ್ಕೆಟ್ ಮುಚ್ಚಿತು, ಸಗಟು ವ್ಯಾಪಾರ ಬೈಕಂಪಾಡಿಯ ಎಪಿಎಂಸಿಗೆ ಹೋಯಿತು. ಬೆಳಿಗ್ಗೆ ನಾಲ್ಕಕ್ಕೆ ಲಾರಿ ಇಳಿಸುವ ಹಮಾಲಿ ಇಲ್ಲ ಅಂದ ಮೇಲೆ ಅವನಿಗೆ ಚಹಾ ಮಾರುವ ಗೂಡಂಗಡಿ ಯಾಕೆ? ಗೂಡಂಗಡಿ ಇಲ್ಲ ಅಂದ ಮೇಲೆ ಅದಕ್ಕೆ ಸಕ್ಕರೆ ಕೊಡುತ್ತಿದ್ದ ನೀವು ಯಾಕೆ? ಒಂದು ಎಳೆ ಎಳೆದರೆ ಇಡೀ ಚಾಪೆ ಬಿಚ್ಚುತ್ತಾ ಬರುತ್ತದಲ್ಲ, ಹಾಗೆ.

ಇಷ್ಟೆಲ್ಲ ಹೋಗುವಾಗ ಅದರ ಜೊತೆಗೇ ಇನ್ನೊಂದೂ ಹೋಯಿತು, ಅದರ ಬಗ್ಗೆ ಯಾರೂ ಗಲಾಟೆ ಮಾಡಲಿಲ್ಲ. ನೀವೇ ಹೋದಿರಿ. ಕೊಟ್ಟಾರಕ್ಕೆ. ನಿಮ್ಮ ಎದುರಿನ ತೆಂಗಿನಕಾಯಿ ವ್ಯಾಪಾರದವರೂ, ಪಕ್ಕದ ಬಟ್ಟೆ ಅಂಗಡಿಯವರೂ ಹೀಗೇ ಒಂದೊಂದು ಕಡೆ ಹೋಗಿರುತ್ತಾರೆ. ಮಕ್ಕಳಿಗೆ ಶಾಲೆ, ಕಾರು ನಿಲ್ಲಿಸಲು ಜಾಗ, ಅಟ್ಯಾಚ್ಡ್ ಬಾತ್‌ರೂಮು. ಯಾರಿಗೆ ಬೇಡ? ಅಂಗಡಿಯ ಮೇಲಿನ ಸಂಸಾರ ಹೋದದ್ದೇ ಪೇಟೆಯ ರಾತ್ರಿ ಹೋಯಿತು.

ಸ್ಮಾರ್ಟ್ ಸಿಟಿ ವಿಚಾರಕ್ಕೆ ಬರೋಣ. 2015ರಲ್ಲಿ ಯೋಜನೆ ಶುರುವಾಯಿತು, ಮಂಗಳೂರು 2016ರ ಪಟ್ಟಿಯಲ್ಲಿ ಬಂತು. ಒಂದು ಊರಿಗೆ ಕೇಂದ್ರದಿಂದ ಸರಾಸರಿ ವರ್ಷಕ್ಕೆ 100 ಕೋಟಿಯಂತೆ ಐದು ವರ್ಷ, ಅಷ್ಟೇ ಮೊತ್ತ ರಾಜ್ಯ ಮತ್ತು ಪಾಲಿಕೆ ಕಡೆಯಿಂದ, ಇದು ಆಗಿನ ಲೆಕ್ಕ. ಸಣ್ಣ ದುಡ್ಡಲ್ಲ. ರಸ್ತೆ ಅಗಲ ಮಾಡಲಿಕ್ಕೆ ಅಂತ ಹಿಂದೊಮ್ಮೆ ಕೆಡವಿದ್ದ ಹಂಪನಕಟ್ಟೆಯ ಗಡಿಯಾರ ಗೋಪುರವನ್ನು ಮತ್ತೆ ಕಟ್ಟಿದರು. ಗಡಿಯಾರ ಚಂದ ಉಂಟು, ನನಗೇನೂ ತಕರಾರಿಲ್ಲ. ಆದರೆ ಸಾರ್ವಜನಿಕ ದುಡ್ಡು ಬೀದಿಯ ನೆಲಕ್ಕೆ ಬಂತು, ಮಾಳಿಗೆಗೆ ಹತ್ತಲಿಲ್ಲ. ಕಲ್ಲು ಹಾಸಿದ್ದು ನಡೆಯುವವರಿಗೆ. ನಡೆಯುವವರು ಯಾರು, ಎಲ್ಲಿಂದ ಬರುತ್ತಾರೆ ಅಂತ ಯೋಚಿಸಿದ್ದು ಕಡಿಮೆ.

ನಿಮ್ಮ ಮಾಳಿಗೆ ನೋಡದೆಯೇ ಹೇಳುತ್ತೇನೆ, ಯಾಕೆಂದರೆ ಅಂಥ ಹತ್ತಾರು ನಾನು ಹತ್ತಿ ಇಳಿದಿದ್ದೇನೆ. ಹಿಂದಿನ ಬಾಗಿಲ ಪಕ್ಕ ಕಡಿದಾದ ಮರದ ಏಣಿಮೆಟ್ಟಿಲು, ಹಿಡಿಯಲು ಕಂಬಿಯ ಬದಲು ಒಂದು ಹಗ್ಗ ಕಟ್ಟಿರುತ್ತದೆ, ಎಷ್ಟೋ ಕೈ ಹಿಡಿದು ಕಪ್ಪಾಗಿ ನುಣುಪಾಗಿರುತ್ತದೆ. ಮೇಲೆ ಹೋದರೆ ಒಣಮೆಣಸು, ಕೊಬ್ಬರಿ ವಾಸನೆ ಹಲಗೆಯೊಳಗೇ ಇಳಿದಿರುತ್ತದೆ. ಬೀದಿಗೆ ಮುಖ ಮಾಡಿ ಮರದ ಸರಳಿನ ಕಿಟಕಿ. ತಲೆ ಮೇಲೆ ಹಂಚು, ನಡುವೆ ಒಂದು ಗಾಜಿನ ಹಂಚು, ಅದರಿಂದ ಬಿಸಿಲಿನ ಒಂದು ಕೋಲು. ಮಾಡಿನ ಪಕ್ಕಾಸು, ಅಂದರೆ ತೊಲೆ, ಗಟ್ಟಿ ಇರುತ್ತದೆ, ಹಂಚು ಕೂರುವ ರೀಪಿನ ಪಟ್ಟಿ ಗೆದ್ದಲು ಹಿಡಿದಿರುತ್ತದೆ. ಕಕ್ಕಸು ಮಾತ್ರ ಮೇಲೆ ಇರುವುದಿಲ್ಲ, ಹಿಂದಿನ ಅಂಗಳದಲ್ಲಿ, ಮೂರು ಅಂಗಡಿಗೆ ಒಂದು. ಸಂಸಾರ ಹೋಗಲು ಅರ್ಧ ಕಾರಣ ಅದೇ, ಯಾವ ವರದಿಯಲ್ಲೂ ಬರೆದಿರುವುದಿಲ್ಲ ಅಷ್ಟೆ.

ಈಗ ಒಂದು ಲೆಕ್ಕ ಹಾಕಿ. ಸುಮ್ನೆ ಉದಾಹರಣೆಗೆ. ಮಾಳಿಗೆ 550 ಚದರಡಿ. ರೀಪು ಬದಲಿಸಿ, ಒಂದು ಕಕ್ಕಸು ಬಚ್ಚಲು ಎಬ್ಬಿಸಿ, ವಯರಿಂಗ್ ಮಾಡಿ, ಬೇರೆ ಮೀಟರ್ ಹಾಕಿ, ಮೆಟ್ಟಿಲು ಸರಿ ಮಾಡಲು 5 ಲಕ್ಷ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 8 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 96 ಸಾವಿರ, ಹಾಕಿದ್ದು ಬರಲು ಐದು ವರ್ಷದ ಮೇಲಾಯಿತು. ಅದಕ್ಕೇ ನೀವು ಗೋಣಿ ತುಂಬಿಸಿ ಸುಮ್ಮನಿದ್ದೀರಿ, ಅಲ್ವಾ? ಇದರಲ್ಲಿ ಅರ್ಧ ಪಾಲು ಸರಕಾರದ ದುಡ್ಡು, ಬದಲಿಗೆ ಹತ್ತು ವರ್ಷ ಬಾಡಿಗೆಗೇ ಕೊಡಬೇಕು, ಬೀಗ ಹಾಕುವಂತಿಲ್ಲ ಅನ್ನುವ ಶರತ್ತು ಇದ್ದರೆ ಎರಡೂವರೆ ಮೂರು ವರ್ಷದಲ್ಲಿ ನಿಮ್ಮ ದುಡ್ಡು ಕೈಗೆ ಬರುತ್ತದೆ. ಇದು ನನ್ನ ತಲೆಯಿಂದ ಹುಟ್ಟಿದ ಉಪಾಯ ಅಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ ಎಣ್ಣೆ ಬೆಲೆ ಬಿದ್ದು ಪೇಟೆ ನಡುವಿನ ಆಫೀಸು ಕಟ್ಟಡಗಳು ಖಾಲಿ ಬಿದ್ದಾಗ, ಅಲ್ಲಿನ ನಗರಾಡಳಿತ 2021ರಿಂದ ಅವನ್ನು ಮನೆ ಮಾಡುವವರಿಗೆ ಚದರಡಿಗೆ 75 ಡಾಲರಿನಂತೆ ಕೊಟ್ಟಿತು. ಲಾಸ್ ಏಂಜಲೀಸಿನವರು 1999ರಲ್ಲಿ ದುಡ್ಡು ಕೊಡುವ ಬದಲು ನಿಯಮ ಸಡಿಲ ಮಾಡಿದರು. 1974ಕ್ಕಿಂತ ಹಿಂದಿನ ಕಟ್ಟಡವನ್ನು ಮನೆ ಮಾಡುವುದಾದರೆ ಹೊಸದಾಗಿ ಪಾರ್ಕಿಂಗ್ ತೋರಿಸಬೇಕಾಗಿಲ್ಲ ಅಂದರು. ಅಷ್ಟಕ್ಕೇ ಅಲ್ಲಿನ ಹಳೇ ಪೇಟೆಯಲ್ಲಿ ಸಾವಿರಾರು ಮನೆಗಳಾದವು. ಮೂರು ಸೆಂಟಿನಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ನಮ್ಮ ಅಂಗಡಿಗೆ ಸೆಟ್‌ಬ್ಯಾಕ್ (ಸುತ್ತ ಖಾಲಿ ಬಿಡಬೇಕಾದ ಜಾಗ) ಎಲ್ಲಿ, ಪಾರ್ಕಿಂಗ್ ಎಲ್ಲಿ ಅಂತ ಕೇಳಿದರೆ ಯಾರು ತಾನೇ ಪರವಾನಗಿಗೆ ಅರ್ಜಿ ಹಾಕುತ್ತಾರೆ? ಇಲ್ಲಿ ಮೊದಲು ಬೇಕಾದದ್ದು ಆ ಸಡಿಲಿಕೆ. ಅದಕ್ಕೆ ಖರ್ಚೂ ಇಲ್ಲ.

ಬಿಲ್ಡರಿಗೆ ಏನು ಹೇಳುವುದು? ನಾಲ್ಕು ಮಂದಿ ಸೇರಿಯೇ ಕುಳಿತುಕೊಳ್ಳಿ, ಒಬ್ಬೊಬ್ಬರಾಗಿ ಸಹಿ ಹಾಕಬೇಡಿ. ಕಟ್ಟುವುದಾದರೂ ಕೆಳಗೆ ಬೀದಿಗೆ ತೆರೆಯುವ ಸಣ್ಣ ಅಂಗಡಿ ಉಳಿಯಬೇಕು ಅನ್ನಿ. ಕಾರು ನುಗ್ಗುವ ಗೇಟು ಮತ್ತು ವಾಚ್‌ಮನ್ ಗೂಡು ಮಾತ್ರ ಬೀದಿಗೆ ಬಂದರೆ ಆ ಬೀದಿಯ ಕಥೆ ಮುಗಿಯಿತು. ಕಟ್ಟುವಷ್ಟು ದಿನ ನಿಮ್ಮ ಅಂಗಡಿ ಎಲ್ಲಿ ನಡೆಯುತ್ತದೆ ಅನ್ನುವುದನ್ನೂ ಅಗ್ರಿಮೆಂಟಿನಲ್ಲೇ ಬರೆಸಿ. ಬಾಯಿಮಾತಲ್ಲ, ಬರೆಸಿ.

ಪ್ರಶ್ನೆ: ಅಷ್ಟೆಲ್ಲ ಯಾಕೆ, ಪೇಟೆ ನಡುವೆ ಇನ್ನೊಂದು ದೊಡ್ಡ ಮಾಲ್ ಬಂದರೆ ಜನ ತಾನಾಗಿ ಬರುವುದಿಲ್ವಾ? (ಕಾಲೇಜು ವಿದ್ಯಾರ್ಥಿ, ಕೊಡಿಯಾಲ್‌ಬೈಲ್)

ಉತ್ತರ: ಬರುತ್ತಾರೆ. ಕಾರಿನಲ್ಲಿ ನೆಲಮಾಳಿಗೆಗೆ ಬಂದು, ಲಿಫ್ಟಿನಲ್ಲಿ ಮೇಲೆ ಹೋಗಿ, ಅದೇ ದಾರಿಯಲ್ಲಿ ವಾಪಸು. ಕೆ.ಎಸ್. ರಾವ್ ರಸ್ತೆಯಲ್ಲಿ ಮಾಲ್ ಬಂದು ಹದಿನೈದು ವರ್ಷದ ಮೇಲಾಯಿತು. ಅಲ್ಲಿಂದ ಹೊರಬಂದವರು ನಡೆದುಕೊಂಡು ಭವಂತಿ ರಸ್ತೆಗೆ ಬಂದು ಹೂವು ತೆಗೆದುಕೊಂಡು ಹೋದದ್ದನ್ನು ನೀವು ನೋಡಿದ್ದೀರಾ?

ಪ್ರಶ್ನೆ: ನಾನು ಉಡುಪಿಯವಳು, ಮದುವೆಯಾಗಿ ಮಂಗಳೂರಿಗೆ ಬಂದವಳು. ನಮ್ಮ ರಥಬೀದಿ ರಾತ್ರಿ ಹತ್ತಕ್ಕೂ ಜೀವಂತ ಇರುತ್ತದೆ. ಇಲ್ಲಿಯ ರಥಬೀದಿ ತೇರಿನ ದಿನ ಬಿಟ್ಟರೆ ಬೇಗ ಬಿಕೋ ಅನ್ನುತ್ತದೆ. ಎರಡೂ ದೇವಸ್ಥಾನದ ಬೀದಿಯೇ ಅಲ್ವಾ, ಯಾಕೆ ಹೀಗೆ?

ಉತ್ತರ: ಅಕ್ಕ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಉಂಟು. ಉಡುಪಿಯ ರಥಬೀದಿಯಲ್ಲಿ ಜನ ಮಲಗುತ್ತಾರೆ. ಕೃಷ್ಣಮಠದ ಸುತ್ತ ಎಂಟು ಮಠ, ಪ್ರತಿಯೊಂದರಲ್ಲೂ ಸ್ವಾಮಿಗಳ ಪರಿವಾರ, ಅಡುಗೆಯವರು, ಓದುವ ಹುಡುಗರು, ಬಂದು ಉಳಿಯುವ ಯಾತ್ರಿಕರು. ಬೆಳಿಗ್ಗೆ ನಾಲ್ಕೂವರೆಗೆ ಒಬ್ಬರು ಬಾಗಿಲು ತೆರೆಯುತ್ತಾರೆ, ರಾತ್ರಿ ಹತ್ತಕ್ಕೆ ಇನ್ನೊಬ್ಬರು ಜಗುಲಿಯಲ್ಲಿ ಕೂತಿರುತ್ತಾರೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗಿನ ಜಾವ ಪರ್ಯಾಯ ಆಗುವಾಗ ಇಡೀ ಊರು ನಿದ್ದೆ ಬಿಡುತ್ತದೆ, ಅದು ಬೇರೆ ಮಾತು. ನಾನು ಹೇಳುತ್ತಿರುವುದು ಒಂದು ಸಾದಾ ಮಂಗಳವಾರದ ರಾತ್ರಿ. ಆಗಲೂ ಅಲ್ಲಿ ಕಣ್ಣಿರುತ್ತದೆ. ಹಾಗಾಗಿ ಹೆಂಗಸರು ನಡೆಯುತ್ತಾರೆ, ಹೆಂಗಸರು ನಡೆಯುತ್ತಾರೆ ಅಂತ ಅಂಗಡಿ ತೆರೆದಿರುತ್ತದೆ.

ಮಂಗಳೂರಿನ ರಥಬೀದಿಯಲ್ಲೂ ಕೊಡಿಯಾಲ್ ತೇರಿಗೆ, ಅಂದರೆ ರಥಸಪ್ತಮಿಗೆ, ಕಾಲಿಡಲು ಜಾಗ ಇರುವುದಿಲ್ಲ. ಆವತ್ತು ಹೊರಗಿದ್ದವರೆಲ್ಲ ಬರುತ್ತಾರೆ, ಹಳೇ ಮನೆಯ ಬೀಗ ತೆಗೆಯುತ್ತಾರೆ. ಇಲ್ಲಿ ಇನ್ನೂ ವಾಸ ಇರುವ ಮನೆಗಳಿವೆ, ಪೂರ್ತಿ ಹಾಳು ಬಿದ್ದಿಲ್ಲ. ಒಳಗಿನ ಗಲ್ಲಿಗಳಿಗೆ ಹೋಗಿ ನೋಡಿ, ಸಂಜೆ ಅಜ್ಜಿಯಂದಿರು ಮೆಟ್ಟಿಲ ಮೇಲೆ ಕೂತು ತಂಬುಳಿಗೆ ಎಲೆ ಬಿಡಿಸುತ್ತಾ ಕೊಂಕಣಿಯಲ್ಲಿ ಮಾತಾಡುತ್ತಿರುತ್ತಾರೆ. ಆದರೆ ಅಜ್ಜಿಯಂದಿರು ಮಾತ್ರ, ನೋಡಿ. ಅವರ ನಂತರ ಆ ಮನೆಗೆ ಯಾರು?

ಪ್ರಶ್ನೆ: ನಾನು ಕುಳಾಯಿಯವನು. ನಮ್ಮ ರಸ್ತೆ ಬದಿ ಚರಂಡಿಯೇ ಇಲ್ಲ, ಜೂನ್‌ನಲ್ಲಿ ಅಂಗಳಕ್ಕೆ ನೀರು. ನಮ್ಮ ತೆರಿಗೆಯನ್ನು ಹಂಪನಕಟ್ಟೆಗೆ ಸುರಿಯಬೇಕು ಅಂತ ನೀವು ಪದೇ ಪದೇ ಬರೆಯುವುದು ನೋಡಿ ಸಿಟ್ಟು ಬರುತ್ತದೆ ಮಾರಾಯ್ರೆ.

ಉತ್ತರ: ಸಿಟ್ಟು ಬರಲೇಬೇಕು. ಪೇಟೆಯ ಒಂದೇ ಫುಟ್‌ಪಾತ್ ಎರಡೆರಡು ಸಲ ಅಗೆದು ಹಾಸುವುದು, ನಿಮಗೆ ಒಂದು ಸಲವೂ ಚರಂಡಿ ಇಲ್ಲದಿರುವುದು, ಇದನ್ನು ಯಾರೂ ಸಮರ್ಥಿಸಬಾರದು. ನಾನೂ ಸಮರ್ಥಿಸುವುದಿಲ್ಲ. ಪೇಟೆಯೊಳಗೇ ಒಂದು ಗಲ್ಲಿ ಗೊತ್ತು ನನಗೆ, ಹಳೇ ಡಾಮರಿನ ಮೇಲೆಯೇ ಕಾಂಕ್ರೀಟು ಸುರಿದು ರಸ್ತೆ ಅಂಗಡಿಯ ಹೊಸ್ತಿಲಿಗಿಂತ ಎತ್ತರ ಮಾಡಿಟ್ಟಿದ್ದಾರೆ. ಈಗ ಮಳೆ ಬಂದರೆ ಅಂಗಡಿಯವರು ಬಾಗಿಲಿಗೆ ಮರಳಿನ ಚೀಲ ಇಡುತ್ತಾರೆ. ದುಡ್ಡು ಖರ್ಚಾಯಿತು, ನಷ್ಟವೂ ಆಯಿತು.

ಆದರೂ ಒಂದು ಮಾತು ಕೇಳಿ. ಪೇಟೆಯಲ್ಲಿ ನೀರಿನ ಪೈಪ್ ಉಂಟು, ಒಳಚರಂಡಿ ಉಂಟು, ಬಸ್ಸು ಉಂಟು, ವೆನ್ಲಾಕ್ ಮತ್ತು ಲೇಡಿಗೋಷನ್ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ. ಇಷ್ಟೆಲ್ಲ ಆಗಲೇ ಖರ್ಚು ಮಾಡಿ ಮುಗಿದದ್ದು. ಅದರ ಮೇಲೆ ಮನೆ ಖಾಲಿ ಬಿದ್ದಿದೆ. ಇನ್ನೊಂದು ಕಡೆ ಹೊಸ ಬಡಾವಣೆ ಅಂತ ಗುಡ್ಡ ಜರಿದು, ಗದ್ದೆಗೆ ಮಣ್ಣು ತುಂಬಿಸಿ ಸೈಟು ಮಾಡುತ್ತೇವೆ. ಅಲ್ಲಿಗೆ ರಸ್ತೆ ಕೊಡಿ, ತುಂಬೆ ಅಣೆಕಟ್ಟಿನಿಂದ ನೀರು ಕೊಡಿ, ಬೀದಿದೀಪ ಕೊಡಿ. ಒಂದೊಂದು ಮನೆಗೆ ಉದ್ದುದ್ದ ಪೈಪು. ನಿಮ್ಮ ಚರಂಡಿಯ ದುಡ್ಡು ಹೋಗುತ್ತಿರುವುದು ಹಂಪನಕಟ್ಟೆಗಿಂತ ಜಾಸ್ತಿ ಅಲ್ಲಿಗೇ ಅನ್ನುವುದು ನನ್ನ ಅನುಮಾನ. ಮತ್ತೆ ಗದ್ದೆಗೆ ಮಣ್ಣು ತುಂಬಿಸಿದ್ದೂ ನಿಮ್ಮ ಅಂಗಳಕ್ಕೆ ನೀರು ನುಗ್ಗಿದ್ದೂ ಬೇರೆ ಬೇರೆ ಕಥೆ ಅಂದುಕೊಳ್ಳಬೇಡಿ.

ತೆರಿಗೆಯದ್ದೂ ಹಾಗೆಯೇ. ಈಗ ಆಸ್ತಿ ತೆರಿಗೆಯನ್ನು ಸರಕಾರ ಜಾಗಕ್ಕೆ ನಿಗದಿ ಮಾಡುವ ಮಾರ್ಗಸೂಚಿ ಬೆಲೆಗೆ ಹೊಂದಿಸಿದ್ದಾರೆ. ಪೇಟೆಯ ಬೆಲೆ ಬಿದ್ದರೆ ಆ ಕೊರತೆ ತುಂಬುವವರು ನೀವು, ನಾನು. ನಿಮ್ಮ ವಾರ್ಡಿನ ಚರಂಡಿಗೆ ಜಗಳ ಆಡಿ, ಖಂಡಿತ ಆಡಿ. ಅದಕ್ಕೆ ಪೇಟೆ ಸಾಯಬೇಕಾಗಿಲ್ಲ.

ಪ್ರಶ್ನೆ: ಪೇಟೆಯ ಒಳಗೆ ನಮ್ಮ ತಂದೆಯ ಮನೆ. ಆರು ಮಂದಿ ಮಕ್ಕಳು, ಇಬ್ಬರು ಪರದೇಶದಲ್ಲಿ. ಜಾಗ ಮೂಲಗೇಣಿ. ಯಾರೂ ರಿಪೇರಿಗೆ ದುಡ್ಡು ಹಾಕುವುದಿಲ್ಲ, ಮಾರಲಿಕ್ಕೂ ಬಿಡುವುದಿಲ್ಲ. ಮಾಡು ಒಂದು ಕಡೆ ಕುಸಿದಿದೆ. ಏನು ಮಾಡುವುದು?

ಉತ್ತರ: ಹಳೇ ಪೇಟೆಯ ನಿಜವಾದ ರೋಗ ಇದು. ಬೇರೆ ಊರಿನ ಓದುಗರಿಗೆ ಎರಡು ಸಾಲು: ಮೂಲಗೇಣಿ ಅಂದರೆ ನಮ್ಮ ಕರಾವಳಿಯ ಹಳೇ ಪದ್ಧತಿ. ನೆಲದ ಒಡೆಯ ಒಬ್ಬ, ವರ್ಷಕ್ಕೆ ಇಷ್ಟು ಅಂತ ಗೇಣಿ ಕೊಟ್ಟು ತಲೆತಲಾಂತರಕ್ಕೂ ಅನುಭವಿಸುವವನು ಇನ್ನೊಬ್ಬ. ಮನೆ ನಮ್ಮದು, ನೆಲ ನಮ್ಮದಲ್ಲ. ಬ್ಯಾಂಕಿನವರು ಈ ಶಬ್ದ ಕೇಳಿದ ಕೂಡಲೇ ಫೈಲು ಮುಚ್ಚುತ್ತಾರೆ. ಮೂಲಗೇಣಿದಾರರಿಗೂ ಅವರಿಂದ ಗೇಣಿಗೆ ಪಡೆದ ಒಳಮೂಲಗೇಣಿದಾರರಿಗೂ ಒಡೆತನ ಕೊಡಲು ರಾಜ್ಯ 2011ರಲ್ಲಿ ಒಂದು ಕಾಯ್ದೆ ಮಾಡಿತು. ನಿಮ್ಮ ಜಾಗಕ್ಕೆ ಅದು ಈಗ ಹೇಗೆ ಅನ್ವಯಿಸುತ್ತದೆ ಅಂತ ಸಿವಿಲ್ ಕೇಸು ನೋಡುವ ಸ್ಥಳೀಯ ವಕೀಲರ ಬಾಯಿಂದಲೇ ಕೇಳಿ, ನೆರೆಮನೆಯವರ ಮಾತು ನಂಬಬೇಡಿ.

ಅದಕ್ಕೂ ಮೊದಲು ನೀವೇ ಮಾಡಬಹುದಾದದ್ದು: ಮೂಲಗೇಣಿ ಚೀಟು ಹುಡುಕಿ. ಅಟ್ಟದ ಟ್ರಂಕಿನಲ್ಲೇ ಇರುತ್ತದೆ. ಸಿಗದಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕಿ, ಋಣಭಾರ ಪತ್ರ ತೆಗೆಸಿ, ಪಾಲಿಕೆಯಲ್ಲಿ ಖಾತೆ ಯಾರ ಹೆಸರಿನಲ್ಲಿ ಉಂಟು ನೋಡಿ. ತೀರಿಹೋದ ತಂದೆಯ ಹೆಸರೇ ಇರುತ್ತದೆ, ಬೇಕಾದರೆ ಪಂಥ. ಪರದೇಶದ ಇಬ್ಬರಿಂದ ಪವರ್ ಆಫ್ ಅಟಾರ್ನಿ ತರಿಸಿಕೊಳ್ಳಿ, ಅವರು ಊರಿಗೆ ಬಂದಾಗ ನೋಡೋಣ ಅಂತ ಬಿಡಬೇಡಿ. ಹಾಗೆ ಬಿಟ್ಟೇ ಮಾಡು ಕುಸಿದದ್ದು. ಮಳೆಗಾಲದ ಮೊದಲು ಕುಸಿದ ಕಡೆ ತಗಡಾದರೂ ಹಾಕಿಸಿ, ಖರ್ಚಿನ ಚೀಟಿ ಆರು ಮಂದಿಗೂ ವಾಟ್ಸ್ಯಾಪಿನಲ್ಲಿ ಕಳಿಸಿ. ಕೊಡದವರ ಪಾಲಿನಿಂದ ಮುಂದೆ ಕಳೆಯಬಹುದು. ಗೋಡೆಯೊಳಗೆ ನೀರು ಇಳಿಯಲು ಬಿಟ್ಟರೆ ಪಾಲು ಮಾಡಲು ಮನೆಯೇ ಇರುವುದಿಲ್ಲ.

ಒಂದು ಸಲಹೆ ಸರಕಾರಕ್ಕೂ: ಇಂಥ ಮನೆಗಳ ಕಾಗದ ಬಿಡಿಸಲಿಕ್ಕೇ ಪೇಟೆಯಲ್ಲಿ ಒಂದು ಕೌಂಟರ್ ಇಡಿ. ಒಬ್ಬ ಸರ್ವೆಯರ್, ಒಬ್ಬ ವಕೀಲ, ಒಬ್ಬ ಗುಮಾಸ್ತ ಸಾಕು. ಒಂದು ಗಡಿಯಾರ ಗೋಪುರದ ಖರ್ಚಿನಲ್ಲಿ ಅವರಿಗೆ ಎಷ್ಟು ವರ್ಷ ಸಂಬಳ ಕೊಡಬಹುದು, ಲೆಕ್ಕ ಹಾಕಿ.

ಪ್ರಶ್ನೆ: ನಾನು ನರ್ಸ್. ಕೆಲಸ ಹಂಪನಕಟ್ಟೆ ಹತ್ತಿರದ ಆಸ್ಪತ್ರೆಯಲ್ಲಿ, ಇರುವುದು ಮುಡಿಪುವಿನಲ್ಲಿ. ಸಂಜೆ ಡ್ಯೂಟಿ ಮುಗಿಯುವಾಗ ಬಸ್ಸು ಸಿಗುವುದೇ ಕಷ್ಟ. ಪೇಟೆಯಲ್ಲಿ ರೂಮು ಹುಡುಕಿ ಸುಸ್ತಾಯಿತು. ಮದುವೆ ಆಗಿದೆಯಾ, ಮೀನು ತಿನ್ನುತ್ತೀರಾ, ಯಾವ ಜನ ಅಂತ ಕೇಳುತ್ತಾರೆ. ಮನೆ ಕಟ್ಟಿದರೂ ನಮಗೆ ಕೊಡುತ್ತಾರಾ?

ಉತ್ತರ: ಮಂಗಳೂರಿನಲ್ಲಿ ಮೀನು ತಿನ್ನುತ್ತೀರಾ ಅಂತ ಕೇಳುವುದು! ಮೀನಿನ ಧಕ್ಕೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಕೂತು!

ನಗು ಬದಿಗಿರಲಿ. ನಿಮ್ಮಂಥವರಿಗೇ ಆ ಮಾಳಿಗೆಗಳು ಬೇಕಾದದ್ದು. ನರ್ಸ್‌ಗಳು, ಬಟ್ಟೆ ಅಂಗಡಿಯ ಹುಡುಗಿಯರು, ಹೋಟೆಲಿನ ಸಪ್ಲಾಯರ್‌ಗಳು, ಕಾಲೇಜಿನ ಮಕ್ಕಳು. ಪೇಟೆಯಲ್ಲಿ ದುಡಿಯುವವರು ಇವರು, ಪೇಟೆಯಲ್ಲಿ ಮಲಗಲು ಜಾಗ ಇಲ್ಲದವರೂ ಇವರೇ. ಕೇಂದ್ರ 2024ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೇ ಹಂತದಲ್ಲಿ ಬಾಡಿಗೆ ಮನೆಗಳಿಗೆ ಅಂತಲೇ ಒಂದು ವಿಭಾಗ ಉಂಟು. ದುಡಿಯುವ ಹೆಂಗಸರೂ ಅದರ ಲೆಕ್ಕದಲ್ಲಿದ್ದಾರೆ. ಅದನ್ನು ಊರ ಹೊರಗಿನ ಗುಡ್ಡದ ಮೇಲೆ ಕಟ್ಟಿ ನಿಮ್ಮನ್ನು ಮತ್ತೆ ಬಸ್ಸಿಗೆ ಕಾಯಿಸುವ ಬದಲು, ಪೇಟೆಯ ಒಳಗೇ ಇರುವ ಸರಕಾರಿ ಜಾಗದಲ್ಲಿ ಕಟ್ಟಿ ಅಂತ ನಿಮ್ಮ ನರ್ಸ್‌ಗಳ ಸಂಘದಿಂದ ಜಿಲ್ಲಾಧಿಕಾರಿಗೊಂದು ಮನವಿ ಕೊಡಿ. ಸರಕಾರದ ದುಡ್ಡು ಹೋದ ಮನೆಯಲ್ಲಿ ಜಾತಿ, ಊಟ ಕೇಳುವಂತಿಲ್ಲ ಅನ್ನುವ ಶರತ್ತನ್ನೂ ಅದರಲ್ಲೇ ಬರೆಯಿರಿ.

ಮತ್ತೆ, ಮೊದಲ ಪತ್ರ ಬರೆದ ಜೀನಸಿನ ಅಂಗಡಿಯವರಿಗೆ: ಈ ಅಮ್ಮನ ಫೋನ್ ನಂಬರ್ ಪತ್ರಿಕೆಯ ಕಚೇರಿಯಲ್ಲಿ ಉಂಟು, ನಾಲ್ಕು ಮಂದಿ ಗೆಳತಿಯರು ಸೇರಿ ಬಾಡಿಗೆ ಕೊಡಲು ತಯಾರಂತೆ. ಮೀನು ತಿನ್ನುತ್ತಾರೆ. ಗೋಣಿ ಕೆಳಗಿಳಿಸುವುದಿದ್ದರೆ ತಿಳಿಸಿ.